ಪರದೆಯ ಹಿಂದಿನ ಐದನೆಯವನು

ಗಿಟಾರ್ ಕೊಂಡವರು ಮೊದಲ ವಾರದಲ್ಲೇ ಕಲಿತುಬಿಡುವ ತುಣುಕೊಂದಿದೆ. ಡೀಪ್ ಪರ್ಪಲ್ ತಂಡದ ‘ಸ್ಮೋಕ್ ಆನ್ ದ ವಾಟರ್’ ಹಾಡಿನ ಶುರುವಿನ ರಿಫ್ ಅದು. ರಿಫ್ ಅಂದರೆ ಹಾಡಿನಲ್ಲಿ ಮರಳಿ ಮರಳಿ ಬರುವ, ಹಾಡಿನ ಗುರುತಾಗಿ ನಿಲ್ಲುವ ಚಿಕ್ಕದೊಂದು ವಾದ್ಯದ ಸಾಲು. ಇದರಲ್ಲಿ ಬಳಕೆಯಾಗುವುದು ನಾಲ್ಕೇ ಸ್ವರ. ಪುಣೆಯ ವಾದ್ಯದಂಗಡಿಯಲ್ಲಿ ಗಿಟಾರ್ ಪರೀಕ್ಷಿಸುವ ಹುಡುಗನೂ ಬೆಂಗಳೂರಿನ ಹಾಸ್ಟೆಲಿನಲ್ಲಿ ರೂಮ್‌ಮೇಟ್‌ಗಳ ನಿದ್ದೆ ಕೆಡಿಸುವ ಹುಡುಗಿಯೂ ಅದನ್ನೇ ನುಡಿಸುತ್ತಾರೆ. ಇದಕ್ಕಿಂತ ಪ್ರಸಿದ್ಧವಾದ ಗಿಟಾರ್ ಸಾಲು ಇನ್ನೊಂದಿಲ್ಲ ಎನ್ನುವವರೂ ಇದ್ದಾರೆ.

1972ರಲ್ಲಿ ಹೊರಬಂದ ಮೂಲ ಧ್ವನಿಮುದ್ರಣವನ್ನು ಒಮ್ಮೆ ಹೆಡ್‌ಫೋನ್ ಹಾಕಿಕೊಂಡು ಕೇಳಿ. ಮೊದಲಿಗೆ ರಿಚಿ ಬ್ಲ್ಯಾಕ್‌ಮೋರ್‌ನ ಗಿಟಾರ್ ಒಂದೇ. ಆಮೇಲೆ ಡ್ರಮ್ಮಿನ ಹೈ-ಹ್ಯಾಟ್ ಸೇರಿಕೊಳ್ಳುತ್ತದೆ. ಜೊತೆಗೆ ಅದೇ ಸಾಲನ್ನು ನುಡಿಸುತ್ತ ಇನ್ನೊಂದು ವಾದ್ಯ ಒಳಬರುತ್ತದೆ. ದಪ್ಪ, ಒರಟು, ಗಂಟಲು ಕಟ್ಟಿದಂಥ ದನಿ. ಎರಡನೇ ಗಿಟಾರೇನೋ ಎಂದು ಕಿವಿ ಮೋಸಹೋಗುತ್ತದೆ. ಅದು ಜಾನ್ ಲಾರ್ಡ್ ನುಡಿಸಿದ ಹ್ಯಾಮಂಡ್ ಆರ್ಗನ್. ಜಗತ್ತಿಗೆಲ್ಲ ಗೊತ್ತಿರುವ ಈ ಗಿಟಾರ್ ಸಾಲಿನ ಅರ್ಧ ಭಾರವನ್ನು ಹೊತ್ತಿರುವುದು ಒಂದು ಕೀಬೋರ್ಡ್.

ಹಾರ್ಡ್ ರಾಕ್ ಮತ್ತು ಹೆವಿ ಮೆಟಲ್ ಸಂಗೀತದಲ್ಲಿ ಕೀಬೋರ್ಡಿನ ಕಥೆ ಬಹುಪಾಲು ಹೀಗೇ ಇದೆ. ಕಿವಿಗೆ ಅದು ಬೇಕು, ಕಣ್ಣಿಗೆ ಬೇಡ. ಕೀಬೋರ್ಡ್ ಇಲ್ಲದೆ ನಿಲ್ಲಲಾರದ ಹಾಡುಗಳು ಈ ಪ್ರಕಾರದಲ್ಲಿ ಬೇಕಾದಷ್ಟಿವೆ. ಅವನ್ನು ನುಡಿಸಿದವರನ್ನು ಪರದೆಯ ಹಿಂದೆ, ಸ್ಪೀಕರುಗಳ ಮರೆಯಲ್ಲಿ ಕೂರಿಸಿದ ಉದಾಹರಣೆಗಳೂ ಕಡಿಮೆಯಿಲ್ಲ. ತನಗೆ ಬೇಕಾದ ವಾದ್ಯವನ್ನೇ ಒಂದು ಸಂಗೀತ ಯಾಕೆ ಬಚ್ಚಿಟ್ಟಿತು? ಇದಕ್ಕೆ ಉತ್ತರವನ್ನು ಸ್ವರಗಳಲ್ಲಿ ಹುಡುಕಿದರೆ ಸಿಗುವುದಿಲ್ಲ. ಯಾವ ದುಡಿಮೆ ದುಡಿಮೆಯ ಹಾಗೆ ಕಾಣುತ್ತದೆ, ಯಾವುದು ಕಾಣುವುದಿಲ್ಲ ಎಂಬಲ್ಲಿ ಹುಡುಕಬೇಕು.

ಗಡಿಯಾರದವನ ಆರ್ಗನ್

ಲಾರೆನ್ಸ್ ಹ್ಯಾಮಂಡ್ ಅಮೆರಿಕದ ಇಂಜಿನಿಯರ್, ವಿದ್ಯುತ್ ಗಡಿಯಾರಗಳನ್ನು ತಯಾರಿಸುತ್ತಿದ್ದವನು. ಗಡಿಯಾರಕ್ಕೆ ಬೇಕಾದದ್ದು ಹೆಚ್ಚುಕಡಿಮೆಯಿಲ್ಲದೆ ಒಂದೇ ವೇಗದಲ್ಲಿ ತಿರುಗುವ ಮೋಟಾರು. ಅಂಥದೇ ಮೋಟಾರಿಗೆ ಅಂಚಿನಲ್ಲಿ ಉಬ್ಬುತಗ್ಗುಗಳಿರುವ ಲೋಹದ ಚಕ್ರಗಳನ್ನು ಜೋಡಿಸಿ, ಪ್ರತಿ ಚಕ್ರದ ಎದುರಿಗೆ ತಂತಿ ಸುತ್ತಿದ ಅಯಸ್ಕಾಂತವೊಂದನ್ನು ಇಟ್ಟರೆ, ಚಕ್ರ ತಿರುಗಿದಂತೆ ತಂತಿಯಲ್ಲಿ ವಿದ್ಯುತ್ತಿನ ಅಲೆ ಹುಟ್ಟುತ್ತದೆ. ಆ ಅಲೆಯನ್ನು ಸ್ಪೀಕರಿಗೆ ಕೊಟ್ಟರೆ ಸ್ವರ. 1934ರಲ್ಲಿ ಈ ವಾದ್ಯಕ್ಕೆ ಪೇಟೆಂಟ್ ಸಿಕ್ಕಿತು, 1935ರಲ್ಲಿ ಅದು ಮಾರುಕಟ್ಟೆಗೆ ಬಂತು. ಮುಂದೆ ಹೆಸರಾದ ಬಿ-3, ಸಿ-3 ಮಾದರಿಗಳ ಒಳಗೆ ಇಂಥ 91 ಚಕ್ರಗಳಿದ್ದವು. ಪೆಡಲು, ಬೆಂಚು ಎಲ್ಲ ಸೇರಿದರೆ ತೂಕ 180 ಕಿಲೋ ದಾಟುತ್ತಿತ್ತು.

ಹ್ಯಾಮಂಡ್‌ನ ಗಿರಾಕಿಗಳು ಚರ್ಚುಗಳು. ನಿಜವಾದ ಪೈಪ್ ಆರ್ಗನ್ ಕೊಳ್ಳಲು ಹಣವಿಲ್ಲದ, ಅದನ್ನು ಕೂರಿಸಲು ಜಾಗವಿಲ್ಲದ ಚಿಕ್ಕ ಚರ್ಚುಗಳಿಗೆ ಇದು ಕೈಗೆಟುಕುವ ಬದಲಿಯಾಯಿತು. ಅಲ್ಲಿಂದ ಕಪ್ಪು ಜನರ ಗಾಸ್ಪೆಲ್ ಸಂಗೀತಕ್ಕೆ, 1950ರ ದಶಕದಲ್ಲಿ ಜಿಮ್ಮಿ ಸ್ಮಿತ್‌ನಂಥವರ ಕೈಯಲ್ಲಿ ಜಾಝ್‌ಗೆ ಹರಿಯಿತು. ಡಾನ್ ಲೆಸ್ಲಿ ಎಂಬಾತ ಇದಕ್ಕಾಗಿಯೇ ತಿರುಗುವ ಸ್ಪೀಕರನ್ನು ಮಾಡಿದ. ಅದು ಸುತ್ತುತ್ತಿದ್ದರೆ ಆರ್ಗನ್ನಿನ ನೇರ ದನಿಗೆ ಅಲೆಯಂಥ ಕಂಪನ ಬರುತ್ತಿತ್ತು. ತನ್ನ ವಾದ್ಯಕ್ಕೆ ಬೇರೊಬ್ಬನ ಸ್ಪೀಕರ್ ಹಚ್ಚುವುದು ಹ್ಯಾಮಂಡ್‌ಗೆ ಹಿಡಿಸಲಿಲ್ಲ. ನುಡಿಸುವವರು ಅವನ ಮಾತು ಕೇಳಲಿಲ್ಲ.

ಇಲ್ಲೊಂದು ವಿಷಯ ಗಮನಿಸಬೇಕು. ಎಲೆಕ್ಟ್ರಿಕ್ ಗಿಟಾರಿನ ಪಿಕಪ್ ಕೂಡ ತಂತಿ ಸುತ್ತಿದ ಅಯಸ್ಕಾಂತವೇ. ಅಲ್ಲಿ ಉಕ್ಕಿನ ತಂತಿ ಕಂಪಿಸುತ್ತದೆ, ಇಲ್ಲಿ ಲೋಹದ ಚಕ್ರ ತಿರುಗುತ್ತದೆ, ಅಷ್ಟೇ ವ್ಯತ್ಯಾಸ. ಎರಡೂ 1930ರ ದಶಕದಲ್ಲಿ ಅಮೆರಿಕದಲ್ಲಿ ಮಾರುಕಟ್ಟೆ ಕಂಡ, ಕರೆಂಟು ಹೋದರೆ ಮೂಕವಾಗುವ ವಾದ್ಯಗಳು. ಮುಂದೆ ಮೆಟಲ್ ಜಗತ್ತು ‘ಗಿಟಾರ್ ನಿಜ, ಕೀಬೋರ್ಡ್ ಯಂತ್ರ’ ಎಂದು ಗೆರೆ ಎಳೆದಾಗ ಮರೆತದ್ದು ಈ ದಾಯಾದಿ ಸಂಬಂಧವನ್ನು.

ಲಾರ್ಡ್ ಮಾಡಿದ ಕೆಲಸ

ಜಾನ್ ಲಾರ್ಡ್ ಹುಟ್ಟಿದ್ದು 1941ರಲ್ಲಿ, ಇಂಗ್ಲೆಂಡಿನ ಲೆಸ್ಟರ್‌ನಲ್ಲಿ. ಚಿಕ್ಕಂದಿನಿಂದ ಶಾಸ್ತ್ರೀಯ ಪಿಯಾನೊ ಕಲಿತವನು. ಒಂದು ಕಿವಿಯಲ್ಲಿ ಬಾಖ್, ಇನ್ನೊಂದು ಕಿವಿಯಲ್ಲಿ ಜಿಮ್ಮಿ ಸ್ಮಿತ್. 1968ರಲ್ಲಿ ಡೀಪ್ ಪರ್ಪಲ್ ಕಟ್ಟಿದಾಗ ಅವನ ಪಕ್ಕದಲ್ಲಿದ್ದವನು ಬ್ಲ್ಯಾಕ್‌ಮೋರ್. ಮಾರ್ಷಲ್ ಆಂಪ್ಲಿಫೈಯರುಗಳನ್ನು ಸಾಲಾಗಿ ನಿಲ್ಲಿಸಿ ನುಡಿಸುವ ಗಿಟಾರಿಗನ ಎದುರು ಲೆಸ್ಲಿ ಸ್ಪೀಕರಿನ ಆರ್ಗನ್ ಕೇಳಿಸುವ ಹಾಗಿರಲಿಲ್ಲ. ಲಾರ್ಡ್ ಆಗ ತನ್ನ ಆರ್ಗನ್ನನ್ನೂ ಮಾರ್ಷಲ್ಲಿಗೇ ಜೋಡಿಸಿದ.

ಗಿಟಾರಿಗೆಂದು ಮಾಡಿದ ಆಂಪ್ಲಿಫೈಯರಿಗೆ ಆರ್ಗನ್ನಿನ ದಟ್ಟ ದನಿಯನ್ನು ತುಂಬಿದರೆ ಅದು ತಾಳಲಾರದೆ ಒಡೆಯುತ್ತದೆ. ಆ ಒಡಕಿಗೇ ಡಿಸ್ಟಾರ್ಶನ್ ಎನ್ನುವುದು. ಚರ್ಚಿನ ವಾದ್ಯ ಗುರುಗುಟ್ಟತೊಡಗಿತು. 1970ರ ‘ಇನ್ ರಾಕ್’ ಆಲ್ಬಮ್ಮಿನಲ್ಲಿ ಗಿಟಾರ್ ಎಲ್ಲಿ ಮುಗಿದು ಆರ್ಗನ್ ಎಲ್ಲಿ ಶುರುವಾಗುತ್ತದೆಂದು ಹೇಳುವುದು ಎಷ್ಟೋ ಕಡೆ ಕಷ್ಟ. ಅದೇ ಆಲ್ಬಮ್ಮಿನ ‘ಚೈಲ್ಡ್ ಇನ್ ಟೈಮ್’ ಇದಕ್ಕೆ ತದ್ವಿರುದ್ಧ. ಪಿಸುಮಾತಿನಂಥ ಆರ್ಗನ್ ಸಾಲಿನಿಂದ ಶುರುವಾಗುವ ಹಾಡು ಅದು. ಆ ಸಾಲಿನ ಮೂಲ ಸಾನ್ ಫ್ರಾನ್ಸಿಸ್ಕೊದ ‘ಇಟ್ಸ್ ಎ ಬ್ಯೂಟಿಫುಲ್ ಡೇ’ ತಂಡದ 1969ರ ಒಂದು ಕೃತಿ. ಅದರ ಹೆಸರು ‘ಬಾಂಬೆ ಕಾಲಿಂಗ್’. ಮುಂಬಯಿಯ ಹೆಸರು ಹೊತ್ತ ರಾಗವೊಂದು ಅಮೆರಿಕದಿಂದ ಇಂಗ್ಲೆಂಡಿಗೆ ಬಂದು ಹಾರ್ಡ್ ರಾಕ್‌ನ ಬುನಾದಿಯ ಕಲ್ಲುಗಳಲ್ಲಿ ಒಂದಾಯಿತು.

1969ರ ಸೆಪ್ಟೆಂಬರ್ 24ರಂದು ಲಾರ್ಡ್ ಇನ್ನೂ ದೊಡ್ಡದೊಂದಕ್ಕೆ ಕೈಹಾಕಿದ್ದ. ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ರಾಯಲ್ ಫಿಲ್ಹಾರ್ಮಾನಿಕ್ ಆರ್ಕೆಸ್ಟ್ರಾದೊಂದಿಗೆ, ಮಾಲ್ಕಮ್ ಆರ್ನಲ್ಡ್ ನಿರ್ದೇಶನದಲ್ಲಿ, ತಾನೇ ಬರೆದ ಕಾನ್ಸರ್ಟೊವನ್ನು ಡೀಪ್ ಪರ್ಪಲ್‌ನಿಂದ ನುಡಿಸಿದ. ರಾಕ್ ತಂಡವೊಂದು ಪೂರ್ಣ ಆರ್ಕೆಸ್ಟ್ರಾದೊಂದಿಗೆ ಕೂತು ನುಡಿಸಿದ ಮೊದಮೊದಲ ಪ್ರಯತ್ನಗಳಲ್ಲಿ ಅದೂ ಒಂದು. ಮುಂದೆ ಅದರ ಸ್ವರಲಿಪಿ ಕಳೆದುಹೋಯಿತು. 1990ರ ದಶಕದಲ್ಲಿ ಮಾರ್ಕೊ ದೆ ಹೂಯ್ ಎಂಬ ಡಚ್ ಸಂಗೀತಗಾರ ಧ್ವನಿಮುದ್ರಣ, ವೀಡಿಯೊಗಳನ್ನು ಕೇಳಿ ನೋಡಿಯೇ ಇಡೀ ಕೃತಿಯನ್ನು ಮತ್ತೆ ಬರೆದ. ಲಾರ್ಡ್ ಅದನ್ನು ತಿದ್ದಿಕೊಟ್ಟ. 1999ರಲ್ಲಿ ಅದೇ ಸಭಾಂಗಣದಲ್ಲಿ ಕಾನ್ಸರ್ಟೊ ಮರುಹುಟ್ಟು ಪಡೆಯಿತು.

ಆ ಹೊತ್ತಿನಲ್ಲಿ ಕೀಬೋರ್ಡಿನ ಜಾಗವನ್ನು ಯಾರೂ ಪ್ರಶ್ನಿಸುತ್ತಿರಲಿಲ್ಲ. ಯುರಾಯ ಹೀಪ್‌ನಲ್ಲಿ ಕೆನ್ ಹೆನ್ಸ್ಲಿಯ ಹ್ಯಾಮಂಡ್ ಗಿಟಾರಿಗೆ ಸಮನಾಗಿ ನಿಂತಿತ್ತು. ಲೆಡ್ ಝೆಪೆಲಿನ್‌ನಲ್ಲಿ ಬೇಸ್ ಗಿಟಾರಿನ ಜಾನ್ ಪಾಲ್ ಜೋನ್ಸ್ ಬೇಕೆಂದಾಗ ಕೀಬೋರ್ಡಿಗೆ ಬರುತ್ತಿದ್ದ. ಗಿಟಾರ್ ಮತ್ತು ಆರ್ಗನ್ ಸವಾಲು-ಜವಾಬಿಗೆ ಇಳಿಯುವುದು ಡೀಪ್ ಪರ್ಪಲ್ ಕಛೇರಿಗಳ ಮುಖ್ಯ ಆಕರ್ಷಣೆ. ತನಿಯಾವರ್ತನದಲ್ಲಿ ಮೃದಂಗಕ್ಕೂ ಘಟಕ್ಕೂ ನಡೆಯುವ ಪೈಪೋಟಿಯನ್ನು ಬಲ್ಲವರಿಗೆ ಇದರ ರುಚಿ ಹೊಸದಲ್ಲ.

ಗಾಂಧಾರ ಯಾರ ಕೈಯಲ್ಲಿ?

ಕೀಬೋರ್ಡ್ ಈ ಸಂಗೀತಕ್ಕೆ ಏನು ಕೊಡುತ್ತದೆ ಎಂಬುದನ್ನು ನಮ್ಮ ಸ್ವರಗಳ ಹೆಸರಿನಲ್ಲೇ ಹೇಳಬಹುದು. ಡಿಸ್ಟಾರ್ಶನ್ ಹಚ್ಚಿದ ಗಿಟಾರಿನಲ್ಲಿ ಷಡ್ಜ ಮತ್ತು ಪಂಚಮವನ್ನು ಒಟ್ಟಿಗೆ ನುಡಿಸಿದರೆ ದನಿ ಬಂಡೆಯ ಹಾಗೆ ಗಟ್ಟಿಯಾಗಿ ನಿಲ್ಲುತ್ತದೆ. ಇದನ್ನೇ ಪವರ್ ಕಾರ್ಡ್ ಎನ್ನುವುದು. ಹೆವಿ ಮೆಟಲ್‌ನ ಇಟ್ಟಿಗೆ ಇದು. ಆದರೆ ಅದಕ್ಕೆ ಗಾಂಧಾರವನ್ನೂ ಸೇರಿಸಿದಿರೋ, ಒಡೆದ ದನಿಗಳು ಒಂದಕ್ಕೊಂದು ಉಜ್ಜಿ ಕೆಸರಾಗುತ್ತವೆ. ಹಾಗಾಗಿ ಗಿಟಾರಿಗರು ಕಾರ್ಡಿನಿಂದ ಗಾಂಧಾರವನ್ನೇ ತೆಗೆದುಹಾಕಿದರು.

ಪಾಶ್ಚಾತ್ಯ ಸಂಗೀತದಲ್ಲಿ ಒಂದು ಕಾರ್ಡಿನ ಭಾವ ಗಾಂಧಾರದಲ್ಲಿದೆ. ಅಂತರ ಗಾಂಧಾರವಾದರೆ ಮೇಜರ್, ಬೆಳಕು. ಸಾಧಾರಣ ಗಾಂಧಾರವಾದರೆ ಮೈನರ್, ಮಬ್ಬು. ಬರೀ ಸ-ಪ ನುಡಿಸುವ ಗಿಟಾರ್ ಬಲವನ್ನು ಕೊಡುತ್ತದೆ, ಬಣ್ಣ ಕೊಡುವುದಿಲ್ಲ. ಹಾಡುಗಾರ ಅಥವಾ ಇನ್ನೊಂದು ಗಿಟಾರ್ ಆ ಬಣ್ಣವನ್ನು ತರಬಹುದು. ತಣ್ಣಗೆ, ಕಾಣದ ಹಾಗೆ, ಇಡೀ ಹಾಡಿನ ಕೆಳಗೆ ಹಾಸಿಡುವುದು ಕೀಬೋರ್ಡಿಗೆ ಸುಲಭ. ಜೊತೆಗೆ ಇನ್ನೊಂದು ಅನುಕೂಲವಿದೆ. ಮೀಟಿದ ತಂತಿಯ ದನಿ ಕ್ರಮೇಣ ಸಾಯುತ್ತದೆ. ಆರ್ಗನ್ನಿನ ದನಿ ಬೆರಳು ಎತ್ತುವವರೆಗೂ ಬದುಕಿರುತ್ತದೆ. ತಂಬೂರಿ ಕಛೇರಿಗೆ ಮಾಡುವ ಕೆಲಸಕ್ಕೆ ಇದು ಹತ್ತಿರ. ಇದ್ದಾಗ ಯಾರೂ ಗಮನಿಸುವುದಿಲ್ಲ, ನಿಲ್ಲಿಸಿದರೆ ಏನೋ ಖಾಲಿಯಾಯಿತೆಂದು ಎಲ್ಲರಿಗೂ ಗೊತ್ತಾಗುತ್ತದೆ.

ಬರ್ಮಿಂಗ್‌ಹ್ಯಾಮಿನ ಕೈಗಳು

ಹೆವಿ ಮೆಟಲ್ ತನ್ನ ಬಗ್ಗೆ ಹೇಳಿಕೊಳ್ಳುವ ಹುಟ್ಟಿನ ಕಥೆ ಇಂಗ್ಲೆಂಡಿನ ಕಾರ್ಖಾನೆಗಳ ಊರು ಬರ್ಮಿಂಗ್‌ಹ್ಯಾಮಿನದು. ಅಲ್ಲಿನ ತಗಡಿನ ಕಾರ್ಖಾನೆಯೊಂದರಲ್ಲಿ ಹದಿನೇಳರ ಹುಡುಗ ಟೋನಿ ಐಯೋಮಿಯ ಬಲಗೈಯ ಎರಡು ಬೆರಳುಗಳ ತುದಿ ಯಂತ್ರಕ್ಕೆ ಸಿಕ್ಕಿ ತುಂಡಾದವು. ಅವನು ಎಡಚ, ಗಿಟಾರಿನ ತಂತಿಗಳನ್ನು ಒತ್ತುತ್ತಿದ್ದದ್ದೇ ಆ ಬಲಗೈ. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡು ಅವನು ಮತ್ತೆ ನುಡಿಸಿದ. ನೋವು ಕಡಿಮೆಯಾಗಲೆಂದು ಮುಂದೆ ತಂತಿಗಳನ್ನು ಸಡಿಲಿಸಿ ಶ್ರುತಿ ಇಳಿಸಿದ. ಬ್ಲ್ಯಾಕ್ ಸಬ್ಬತ್‌ನ ಭಾರವಾದ ದನಿಗೆ ಇದೂ ಒಂದು ಕಾರಣ. ಯಂತ್ರ ಕಿತ್ತುಕೊಂಡದ್ದನ್ನು ಕೈ ಮರಳಿ ಗಳಿಸಿದ ಈ ಕಥೆ ಮೆಟಲ್‌ನ ಸ್ಥಳಪುರಾಣ. ಇದರಲ್ಲಿ ಕೈಗೆ, ಬೆವರಿಗೆ, ನೋವಿಗೆ ಜಾಗವಿದೆ. ಮೇಜಿನಂಥ ಪೆಟ್ಟಿಗೆಯ ಮುಂದೆ ಕೂತು ಗುಂಡಿ ಒತ್ತುವವನಿಗೆ ಜಾಗವಿಲ್ಲ.

ಅದೇ ಬರ್ಮಿಂಗ್‌ಹ್ಯಾಮ್ ಕೀಬೋರ್ಡಿನ ಊರೂ ಹೌದು ಎಂಬುದನ್ನು ಈ ಪುರಾಣ ಹೇಳುವುದಿಲ್ಲ. ಪಿಟೀಲು, ಕೊಳಲುಗಳ ದನಿಯನ್ನು ಟೇಪಿನ ಪಟ್ಟಿಗಳಲ್ಲಿ ಹಿಡಿದಿಟ್ಟು, ಒಂದೊಂದು ಕೀ ಒತ್ತಿದಾಗ ಒಂದೊಂದು ಪಟ್ಟಿ ಓಡುವಂತೆ ಮಾಡಿದ ಮೆಲೊಟ್ರಾನ್ ತಯಾರಾದದ್ದು 1963ರಲ್ಲಿ ಅಲ್ಲಿಯೇ. ಪಟ್ಟಿ ಸುಮಾರು 8 ಸೆಕೆಂಡಿಗೆ ಮುಗಿಯುತ್ತಿತ್ತು, ಅಷ್ಟರೊಳಗೆ ಬೆರಳೆತ್ತಬೇಕು. ಸಬ್ಬತ್‌ನ 1972ರ ‘ಚೇಂಜಸ್’ ಹಾಡಿನಲ್ಲಿ ಗಿಟಾರೇ ಇಲ್ಲ. ಪಿಯಾನೊ ನುಡಿಸಿದವನು ಸ್ವತಃ ಐಯೋಮಿ, ಮೆಲೊಟ್ರಾನ್ ನುಡಿಸಿದವನು ಬೇಸ್ ಗಿಟಾರಿನ ಗೀಜರ್ ಬಟ್ಲರ್. ಮರುವರ್ಷದ ಆಲ್ಬಮ್ಮಿಗೆ ‘ಯೆಸ್’ ತಂಡದ ರಿಕ್ ವೇಕ್‌ಮನ್ ಅತಿಥಿಯಾಗಿ ಬಂದು ನುಡಿಸಿಹೋದ. ಅಂದರೆ ತಕರಾರು ದನಿಯ ಬಗ್ಗೆ ಇರಲಿಲ್ಲ.

ತಕರಾರು ಬಲವಾದದ್ದು ಸಿಂಥಸೈಸರ್ ಬಂದ ಮೇಲೆ. ಹ್ಯಾಮಂಡ್ ಭಾರವಾದ ಮರದ ಪೆಟ್ಟಿಗೆ. ಅದನ್ನು ವೇದಿಕೆಗೆ ಏರಿಸುವುದೇ ಒಂದು ಸಾಹಸ. ಲಾರ್ಡ್ ಅದನ್ನು ಅಲುಗಾಡಿಸಿ, ವಾಲಿಸಿ ನುಡಿಸುವಾಗ ಮೈಬಲ ಕಣ್ಣಿಗೆ ಕಾಣುತ್ತಿತ್ತು. ಸಿಂಥಸೈಸರ್ ಹಗುರ. ಒಂದು ಬೆರಳಿಟ್ಟರೆ ಇಪ್ಪತ್ತು ಪಿಟೀಲುಗಳ ಗುಂಗು. 1970ರ ದಶಕದಲ್ಲಿ ಕ್ವೀನ್ ತಂಡ ತನ್ನ ಹಲವು ಆಲ್ಬಮ್ಮುಗಳ ಹೊದಿಕೆಯ ಮೇಲೆ ಇದರಲ್ಲಿ ಸಿಂಥಸೈಸರ್ ಬಳಸಿಲ್ಲ ಎಂದು ಅಚ್ಚು ಹಾಕಿಸುತ್ತಿತ್ತು. ಕೇಳುವವರು ದನಿ ಕೇಳಿ ಯಂತ್ರವೆಂದುಕೊಂಡಾರು, ಪಟ್ಟ ಶ್ರಮ ಲೆಕ್ಕಕ್ಕೆ ಬಾರದೆ ಹೋದೀತು ಎಂಬುದು ಅದರ ಹಿಂದಿನ ಚಿಂತೆ. 1980ರಲ್ಲಿ ಅದೇ ಕ್ವೀನ್ ‘ದ ಗೇಮ್’ ಆಲ್ಬಮ್ಮಿಗೆ ಸಿಂಥಸೈಸರ್ ತಂದಿತು. 1982ರಲ್ಲಿ ಬ್ರಿಟನ್ನಿನ ಸಂಗೀತಗಾರರ ಯೂನಿಯನ್ನಿನ ಲಂಡನ್ ಶಾಖೆಯೊಂದು ಸಿಂಥಸೈಸರನ್ನು ನಿರ್ಬಂಧಿಸಬೇಕೆಂದು ಠರಾವು ಮಾಡಿತು. ಆರ್ಕೆಸ್ಟ್ರಾದ ವಾದಕರು ಕೆಲಸ ಕಳೆದುಕೊಳ್ಳುವ ಭಯ ಅದು. ಸುಳ್ಳು ಭಯವೂ ಆಗಿರಲಿಲ್ಲ. ಮೆಟಲ್ ಅಭಿಮಾನಿಯ ಸಿಟ್ಟೂ ಯೂನಿಯನ್ನಿನ ಆತಂಕವೂ ಬೇರೆಬೇರೆ ಬಾಯಲ್ಲಿ ಒಂದೇ ಮಾತನ್ನು ಆಡುತ್ತಿದ್ದವು: ಇಲ್ಲಿ ದುಡಿದವರು ಯಾರು?

ನಾಲ್ವರು ಕಾಣುತ್ತಾರೆ, ಐವರು ಕೇಳಿಸುತ್ತಾರೆ

1979ರಲ್ಲಿ ಬ್ಲ್ಯಾಕ್ ಸಬ್ಬತ್ ಒಡೆಯುವ ಸ್ಥಿತಿಯಲ್ಲಿತ್ತು. ಗಾಯಕ ಆಜಿ ಆಜ್ಬರ್ನ್ ಹೊರಹೋಗಿದ್ದ, ಬಟ್ಲರ್ ಸ್ವಲ್ಪ ಕಾಲ ದೂರವಿದ್ದ. ಆಗ ಐಯೋಮಿ ಕರೆತಂದವನು ಜೆಫ್ ನಿಕೊಲ್ಸ್. ಬರ್ಮಿಂಗ್‌ಹ್ಯಾಮಿನವನೇ, ‘ಕ್ವಾರ್ಟ್ಜ್’ ಎಂಬ ತಂಡದಲ್ಲಿದ್ದವನು. ಆ ತಂಡದ ಮೊದಲ ಆಲ್ಬಮ್ಮನ್ನು ನಿರ್ಮಿಸಿದ್ದವನು ಐಯೋಮಿ. ನಿಕೊಲ್ಸ್ ಮೊದಲು ಬೇಸ್ ನುಡಿಸಿ ಖಾಲಿ ಜಾಗ ತುಂಬಿದ. ಬಟ್ಲರ್ ಮರಳಿದ ಮೇಲೆ ಕೀಬೋರ್ಡಿಗೆ ಸರಿದ. 1980ರ ‘ಹೆವನ್ ಅಂಡ್ ಹೆಲ್’ ಆಲ್ಬಮ್ಮಿನಲ್ಲಿ, ಆಮೇಲಿನ ಎಷ್ಟೋ ಆಲ್ಬಮ್ಮುಗಳಲ್ಲಿ ಅವನ ಕೈಯಿದೆ.

ಗಾಯಕರು ಬಂದರು, ಹೋದರು. ಡ್ರಮ್ಮರುಗಳು, ಬೇಸ್ ವಾದಕರು ಬದಲಾದರು. ಒಂದು ಹಂತದಲ್ಲಿ ಮೂಲ ತಂಡದಿಂದ ಉಳಿದವನು ಐಯೋಮಿ ಒಬ್ಬನೇ. ಆ ವರ್ಷಗಳಲ್ಲೆಲ್ಲ ಅವನ ಜೊತೆಗೆ ಇದ್ದವನು ನಿಕೊಲ್ಸ್. ಕೆಲವು ಆಲ್ಬಮ್ಮುಗಳ ಹೊದಿಕೆಯಲ್ಲಿ ಅವನು ತಂಡದ ಸದಸ್ಯ, ಇನ್ನು ಕೆಲವದರಲ್ಲಿ ಬರೀ ಕೀಬೋರ್ಡ್ ನುಡಿಸಿಕೊಟ್ಟವನು. ಕಛೇರಿಗಳಲ್ಲಿ ಮಾತ್ರ ಅವನ ಜಾಗ ಬಹುತೇಕ ಒಂದೇ: ವೇದಿಕೆಯ ಮರೆ. ಪ್ರೇಕ್ಷಕರಿಗೆ ಕಾಣುತ್ತಿದ್ದದ್ದು ನಾಲ್ವರು, ಕೇಳಿಸುತ್ತಿದ್ದದ್ದು ಐವರು. 1990ರ ದಶಕದ ಕೊನೆಗೆ ಆಜಿ ಮರಳಿ ಮೂಲ ನಾಲ್ವರು ಒಂದಾದಾಗಲೂ ಪರದೆಯ ಹಿಂದಿನ ಕೀಬೋರ್ಡ್ ಹಾಗೆಯೇ ಉಳಿಯಿತು. ನಾಲ್ವರ ಆ ಚಿತ್ರ ಎಲ್ಲರಿಗೂ ಬೇಕಿತ್ತು. ಐದನೆಯವನ ದನಿಯೂ ಬೇಕಿತ್ತು.

ನಮ್ಮ ರಂಗಭೂಮಿಯಲ್ಲಿ ಇದಕ್ಕೊಂದು ಪದವಿದೆ, ನೇಪಥ್ಯ. ಆದರೆ ನಾಟಕ ನೋಡುವವರಿಗೆ ನೇಪಥ್ಯ ಇದೆಯೆಂದು ಗೊತ್ತಿರುತ್ತದೆ. ಯಕ್ಷಗಾನದ ಹಿಮ್ಮೇಳವಂತೂ ಎಲ್ಲರ ಕಣ್ಣೆದುರೇ ಕೂರುತ್ತದೆ, ಭಾಗವತರಿಲ್ಲದೆ ಆಟವಿಲ್ಲ. ಇಲ್ಲಿ ಹಾಗಲ್ಲ. ಅಡಗಿಸಿದ್ದೇ ಗೊತ್ತಾಗಬಾರದು ಎಂಬ ಅಡಗಿಸುವಿಕೆ ಇದು.

ನಿಕೊಲ್ಸ್ ಒಬ್ಬನೇ ಅಲ್ಲ. ಸಬ್ಬತ್ ಬಿಟ್ಟ ಆಜಿಯ ಮೊದಲ ಆಲ್ಬಮ್ಮಿನ ‘ಮಿಸ್ಟರ್ ಕ್ರೌಲಿ’ ಹಾಡಿಗೆ ಇಗರ್ಜಿಯ ಗಾಂಭೀರ್ಯದ ಪೀಠಿಕೆ ನುಡಿಸಿದವನು ಡಾನ್ ಏರಿ. ಆ ಪೀಠಿಕೆ ಇಲ್ಲದ ಹಾಡನ್ನು ಊಹಿಸುವುದು ಕಷ್ಟ. ಹಾಡನ್ನು ನೆನೆಯುವವರು ಮೊದಲು ಹೇಳುವುದು ಮಾತ್ರ ರ್‍ಯಾಂಡಿ ರೋಡ್ಸ್‌ನ ಗಿಟಾರನ್ನು. ಐರನ್ ಮೇಡನ್ ತಂಡ 1988ರ ‘ಸೆವೆಂತ್ ಸನ್ ಆಫ್ ಎ ಸೆವೆಂತ್ ಸನ್’ ಆಲ್ಬಮ್ಮಿಗೆ ಮೊದಲ ಬಾರಿಗೆ ಕೀಬೋರ್ಡ್ ತಂದಾಗ, ಪ್ರವಾಸದಲ್ಲಿ ಅದನ್ನು ನುಡಿಸಿದವನು ಮೈಕೆಲ್ ಕೆನ್ನಿ. ತಂಡದ ಸ್ಥಾಪಕ ಸ್ಟೀವ್ ಹ್ಯಾರಿಸ್‌ನ ಬೇಸ್ ಗಿಟಾರನ್ನು ನೋಡಿಕೊಳ್ಳುವ ತಂತ್ರಜ್ಞ ಅವನು. ಆ ಪ್ರವಾಸದಲ್ಲಿ ಒಂದು ಹಾಡಿಗೆ ಮಾತ್ರ ಅವನು ಕಾಣಿಸಿಕೊಳ್ಳುತ್ತಿದ್ದ. ಅದೂ ಕಪ್ಪು ನಿಲುವಂಗಿ, ಮುಖವಾಡ ತೊಟ್ಟು, ‘ದ ಕೌಂಟ್’ ಎಂಬ ಸುಳ್ಳು ಹೆಸರಿನಲ್ಲಿ. ಕಾಣಿಸಿಕೊಂಡಾಗಲೂ ಮುಖ ಕಾಣದಂತೆ.

2007ರ ಮಾರ್ಚ್ 17ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಐರನ್ ಮೇಡನ್ ಭಾರತದ ತನ್ನ ಮೊದಲ ಕಛೇರಿ ನೀಡಿತು. ದೇಶದ ನಾನಾ ಊರುಗಳಿಂದ ರೈಲು, ಬಸ್ಸು ಹತ್ತಿ ಬಂದವರು ಅಲ್ಲಿದ್ದರು. ವೇದಿಕೆಯ ಮೇಲೆ ಆರು ಜನ. ಆ ಕಾಲದ ಪ್ರವಾಸಗಳಲ್ಲಿ ಕೀಬೋರ್ಡ್ ಕೆನ್ನಿಯದೇ. ಆರು ಜನರ ಹೆಸರನ್ನು ನಿದ್ದೆಯಲ್ಲೂ ಹೇಳಬಲ್ಲ ಅಭಿಮಾನಿಗಳಲ್ಲಿ ಏಳನೆಯ ಹೆಸರು ಗೊತ್ತಿದ್ದವರು ಹೆಚ್ಚಿರಲಾರರು.

ಗಿಟಾರಿಗನ ಮನೆಯಲ್ಲಿದ್ದ ಪಿಯಾನೊ

ಕೀಬೋರ್ಡನ್ನು ಮುಂದಕ್ಕೆ ತಂದವರಲ್ಲಿ ಒಬ್ಬ ಗಿಟಾರಿಗನೇ ಎಂಬುದು ಈ ಕಥೆಯ ಸ್ವಾರಸ್ಯ. ಎಡ್ಡಿ ವ್ಯಾನ್ ಹೇಲನ್ ಹುಟ್ಟಿದ್ದು 1955ರಲ್ಲಿ, ಆಮ್‌ಸ್ಟರ್‌ಡ್ಯಾಮ್‌ನಲ್ಲಿ. ಕುಟುಂಬ ಕ್ಯಾಲಿಫೋರ್ನಿಯಾಗೆ ವಲಸೆ ಬಂತು. ಅವನು ಬಾಲ್ಯದಲ್ಲಿ ಕಲಿತದ್ದು, ಸ್ಪರ್ಧೆಗಳಲ್ಲಿ ಬಹುಮಾನ ಗೆದ್ದದ್ದು ಪಿಯಾನೊದಲ್ಲಿ. ತನ್ನ ಪೀಳಿಗೆಯ ಅತ್ಯಂತ ಪ್ರಭಾವಿ ಗಿಟಾರಿಗನಾದ ಮೇಲೆ ಒಂದು ಸಿಂಥಸೈಸರ್ ಸಾಲನ್ನು ತಂಡದ ಮುಂದಿಟ್ಟ. ಗಿಟಾರ್ ವೀರನ ತಂಡಕ್ಕೆ ಇದು ಸಲ್ಲದು ಎಂದು ಅದು ಮೂಲೆ ಸೇರಿತು. ಮುಂದೆ ತನ್ನ ಮನೆಯಂಗಳದಲ್ಲಿ ಸ್ವಂತ ಸ್ಟುಡಿಯೊ ಕಟ್ಟಿಕೊಂಡು, ಓಬರ್‌ಹೈಮ್ ಸಿಂಥಸೈಸರಿನಲ್ಲಿ ಆ ಸಾಲನ್ನು ಮತ್ತೆ ನುಡಿಸಿದ. ಆ ಹಾಡು ‘ಜಂಪ್’. 1984ರ ಆರಂಭದಲ್ಲಿ ಅಮೆರಿಕದ ಪಟ್ಟಿಯ ತುದಿಯಲ್ಲಿ ಅದು 5 ವಾರ ನಿಂತಿತು. ತಂಡಕ್ಕೆ ಅಲ್ಲಿ ಮೊದಲ ಸ್ಥಾನ ತಂದುಕೊಟ್ಟ ಹಾಡು ಅದೊಂದೇ.

ಎರಡು ವರ್ಷಗಳ ನಂತರ ಸ್ವೀಡನ್ನಿನ ‘ಯುರೋಪ್’ ತಂಡದಲ್ಲಿ ಇದೇ ಜಗಳ ಇನ್ನೊಂದು ರೂಪದಲ್ಲಿ ನಡೆಯಿತು. ಗಾಯಕ ಜೋಯಿ ಟೆಂಪೆಸ್ಟ್ ಹಿಂದೆಂದೋ ಕೀಬೋರ್ಡಿನಲ್ಲಿ ಹುಟ್ಟಿಸಿದ್ದ ಕಹಳೆಯಂಥ ಸಾಲು ‘ದ ಫೈನಲ್ ಕೌಂಟ್‌ಡೌನ್’ ಆಯಿತು. ಮದುವೆ ಮಂಟಪದಿಂದ ಕ್ರೀಡಾಂಗಣದವರೆಗೆ ಆ ಸಾಲು ಕೇಳದವರಿಲ್ಲ. ಗಿಟಾರಿಗ ಜಾನ್ ನೋರಮ್‌ಗೆ ಗಿಟಾರು ಹಿಂದೆ ಸರಿದ ಈ ದಿಕ್ಕು ಹಿಡಿಸಲಿಲ್ಲ. ಹಾಡು ಯುರೋಪಿನುದ್ದಕ್ಕೂ ಮೊದಲ ಸ್ಥಾನದಲ್ಲಿದ್ದ 1986ರಲ್ಲೇ ಅವನು ತಂಡ ಬಿಟ್ಟ. ಗೆದ್ದ ತಂಡವನ್ನು ಗೆಲುವಿನ ನಡುವೆ ಬಿಡುವವನ ಸಂಕಟವನ್ನು ಬರೀ ಹಮ್ಮು ಎಂದು ತಳ್ಳಿಹಾಕುವಂತಿಲ್ಲ. ವರ್ಷಗಟ್ಟಲೆ ಬೆರಳು ಸವೆಸಿದ ಕಸುಬು ಬೆಲೆ ಕಳೆದುಕೊಳ್ಳುವುದನ್ನು ನೋಡುವ ಭಯ ಅಲ್ಲಿ ಇದ್ದಿರಬಹುದು.

ಆದರೆ ಈ ಶುದ್ಧತೆಯ ವಾದ ಒಂದೇ ತಕ್ಕಡಿ ಹಿಡಿದು ತೂಗಲಿಲ್ಲ. 1999ರ ಏಪ್ರಿಲ್‌ನಲ್ಲಿ ಮೆಟಾಲಿಕಾ ತಂಡ ಸಾನ್ ಫ್ರಾನ್ಸಿಸ್ಕೊ ಸಿಂಫನಿಯ ಜೊತೆ ಎರಡು ರಾತ್ರಿ ನುಡಿಸಿ ಅದನ್ನು ಆಲ್ಬಮ್ಮಾಗಿ ಹೊರತಂದಿತು. ಪಿಟೀಲುಗಳ ಸಾಲನ್ನು ಕಂಡು ಬೇಸರಪಟ್ಟವರಿದ್ದರೂ, ಅದನ್ನು ಹೆಮ್ಮೆಯ ಮೈಲಿಗಲ್ಲೆಂದು ಕಂಡವರು ಬಹಳ. ಅದೇ ಪಿಟೀಲುಗಳ ದನಿಯನ್ನು ಒಬ್ಬನೇ ಒಬ್ಬ ಕೀಬೋರ್ಡಿನಲ್ಲಿ ತಂದರೆ ಕೃತಕ. ನೂರು ಜನ ಬಿಲ್ಲು ಎಳೆಯುವುದು ಕಾಣುತ್ತದೆ. ಒಬ್ಬನ ಬೆರಳು ಕಾಣುವುದಿಲ್ಲ.

ಉತ್ತರ ದೇಶಗಳಲ್ಲಿ

ಕೀಬೋರ್ಡಿಗೆ ಮರ್ಯಾದೆ ಮರಳಿ ಸಿಕ್ಕಿದ್ದು ಯಾರೂ ನಿರೀಕ್ಷಿಸದ ಕಡೆಯಿಂದ. 1990ರ ದಶಕದ ನಾರ್ವೆಯ ಬ್ಲ್ಯಾಕ್ ಮೆಟಲ್ ತನ್ನನ್ನು ಎಲ್ಲರಿಗಿಂತ ಉಗ್ರ, ಎಲ್ಲರಿಗಿಂತ ನಿಷ್ಠುರ ಎಂದು ಕರೆದುಕೊಂಡ ಪಂಥ. ಅಂಥದ್ದರಲ್ಲಿ ಎಂಪರರ್ ತಂಡದ 1994ರ ‘ಇನ್ ದ ನೈಟ್‌ಸೈಡ್ ಎಕ್ಲಿಪ್ಸ್’ ಆಲ್ಬಮ್ಮಿನ ಉದ್ದಕ್ಕೂ ಕೀಬೋರ್ಡ್ ಹಿಮದ ಹಾಗೆ ಹರಡಿಕೊಂಡಿದೆ. ಅದನ್ನು ಧ್ವನಿಮುದ್ರಿಸಿದ್ದು ಬರ್ಗನ್ ನಗರದ ಗ್ರೀಗ್‌ಹಾಲೆನ್‌ನಲ್ಲಿ. ಸಂಗೀತಕಾರ ಎಡ್ವರ್ಡ್ ಗ್ರೀಗ್‌ನ ಹೆಸರಿನ ಸಭಾಂಗಣ ಅದು. ಗಿಟಾರಿನ ಬಿರುಗಾಳಿಗೆ ಕಾಡು, ಕತ್ತಲು, ಎತ್ತರ ಕೊಡುವ ಕೆಲಸವನ್ನು ಅಲ್ಲಿ ಕೀಬೋರ್ಡ್ ಮಾಡಿತು. ಅದಿಲ್ಲದಿದ್ದರೆ ಬಿರುಗಾಳಿ ಇರುತ್ತಿತ್ತು, ಭೂದೃಶ್ಯ ಇರುತ್ತಿರಲಿಲ್ಲ.

ಫಿನ್ಲೆಂಡಿನಲ್ಲಿ ಕೀಬೋರ್ಡ್ ಯಜಮಾನನ ಸ್ಥಾನಕ್ಕೇ ಏರಿತು. 1996ರಲ್ಲಿ ಕಿತೇ ಎಂಬ ಚಿಕ್ಕ ಊರಿನಲ್ಲಿ ‘ನೈಟ್‌ವಿಶ್’ ಕಟ್ಟಿದ ಟುವೊಮಸ್ ಹೊಲೊಪೈನೆನ್ ಕೀಬೋರ್ಡ್ ವಾದಕ. ತಂಡದ ಬಹುತೇಕ ಹಾಡುಗಳು ಅವನ ರಚನೆ. ‘ಚಿಲ್ಡ್ರನ್ ಆಫ್ ಬೋಡಮ್’ ತಂಡದಲ್ಲಿ ಯಾನೆ ವಿರ್ಮನ್‌ನ ಕೀಬೋರ್ಡೂ ಅಲೆಕ್ಸಿ ಲೈಹೊನ ಗಿಟಾರೂ ಬ್ಲ್ಯಾಕ್‌ಮೋರ್-ಲಾರ್ಡ್ ಜೋಡಿಯ ಸವಾಲು-ಜವಾಬನ್ನು ಮೂರು ಪಟ್ಟು ವೇಗದಲ್ಲಿ ಮುಂದುವರಿಸಿದವು.

ಎಲ್ಲಕ್ಕಿಂತ ಮೊನಚಾದ ಉತ್ತರ ಜರ್ಮನಿಯ ರಾಮ್‌ಸ್ಟೈನ್‌ನದು. ಅದರ ಕೀಬೋರ್ಡ್ ವಾದಕ ಫ್ಲಾಕೆ ಲೊರೆಂಟ್ಸ್ ಪೂರ್ವ ಬರ್ಲಿನ್ನಿನವನು, ಸಣಕಲು, ಕನ್ನಡಕದವನು. ವೇದಿಕೆಯ ಮೇಲೆ ಅವನು ಟ್ರೆಡ್‌ಮಿಲ್ ಮೇಲೆ ನಡೆಯುತ್ತಲೇ ನುಡಿಸುತ್ತಾನೆ. ಒಂದು ಹಾಡಿನಲ್ಲಿ ಅವನನ್ನು ದೊಡ್ಡ ಹಂಡೆಯಲ್ಲಿ ಕೂರಿಸಿ ಗಾಯಕ ಬೆಂಕಿ ಉಗುಳಿ ‘ಬೇಯಿಸುತ್ತಾನೆ’. ಕೀಬೋರ್ಡಿನವನು ದುಡಿಯುವುದು ಕಾಣುವುದಿಲ್ಲವೇ? ಹಾಗಾದರೆ ನಡೆಯಲಿ, ಬೆವರಲಿ, ಬೇಯಲಿ. ನಗೆಯಾಟವೇ ಹೌದು. ಆದರೆ ನಲವತ್ತು ವರ್ಷಗಳ ಅಸಹನೆಯನ್ನು ಇಷ್ಟು ನೇರವಾಗಿ ಯಾರೂ ವೇದಿಕೆಗೆ ತಂದಿರಲಿಲ್ಲ.

ಲೆಕ್ಕ ಬರೆಯುವವರು

ಜಾನ್ ಲಾರ್ಡ್ 2002ರಲ್ಲಿ ಡೀಪ್ ಪರ್ಪಲ್‌ನಿಂದ ನಿವೃತ್ತನಾದ. ಅವನ ಜಾಗಕ್ಕೆ ಬಂದವನು ಅದೇ ಡಾನ್ ಏರಿ. 2012ರ ಜುಲೈ 16ರಂದು ಲಾರ್ಡ್ ತೀರಿಕೊಂಡ. 2016ರಲ್ಲಿ ಅಮೆರಿಕದ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಡೀಪ್ ಪರ್ಪಲ್ ತಂಡವನ್ನು ಸೇರಿಸಿಕೊಂಡಾಗ ಪಟ್ಟಿಯಲ್ಲಿ ಅವನ ಹೆಸರೂ ಇತ್ತು. ಅದೇ ಸಂಸ್ಥೆ 2006ರಲ್ಲಿ ಬ್ಲ್ಯಾಕ್ ಸಬ್ಬತ್‌ನಿಂದ ಸೇರಿಸಿಕೊಂಡದ್ದು ನಾಲ್ವರನ್ನು. ಅಷ್ಟರಲ್ಲಿ ನಿಕೊಲ್ಸ್ ಆ ತಂಡಕ್ಕೆ ಸುಮಾರು ಇಪ್ಪತ್ತೈದು ವರ್ಷ ನುಡಿಸಿ ಮುಗಿಸಿದ್ದ. 2004ರ ಹೊತ್ತಿಗೆ ಅವನ ಜಾಗಕ್ಕೆ ಆಡಮ್ ವೇಕ್‌ಮನ್ ಬಂದಿದ್ದ. 1973ರಲ್ಲಿ ಅತಿಥಿಯಾಗಿ ಬಂದಿದ್ದ ರಿಕ್ ವೇಕ್‌ಮನ್‌ನ ಮಗ.

ಇಬ್ಬರ ನಡುವಿನ ವ್ಯತ್ಯಾಸವನ್ನು ಪ್ರತಿಭೆಯಿಂದಷ್ಟೇ ವಿವರಿಸಲಾಗದು. ಲಾರ್ಡ್ ತನ್ನ ವಾದ್ಯವನ್ನು ಗಿಟಾರಿನ ಹಾಗೆ ಗದ್ದಲ ಮಾಡಲು ಕಲಿಸಿದ, ವೇದಿಕೆಯ ಮುಂದೆಯೇ ಕುಸ್ತಿ ಆಡಿದ. ನಿಕೊಲ್ಸ್‌ನ ಕೆಲಸವೇ ಬೇರೆ. ಗಿಟಾರ್ ಬಿಟ್ಟ ಗಾಂಧಾರವನ್ನು ತುಂಬುವುದು, ಸಾಯುವ ದನಿಯ ಕೆಳಗೆ ಸಾಯದ ದನಿಯೊಂದನ್ನು ಹಿಡಿದಿರುವುದು, ಗಮನ ಸೆಳೆಯದಿರುವುದು. ಅಂಥ ಕೆಲಸ ಚೆನ್ನಾಗಿ ಆದಷ್ಟೂ ಕಡಿಮೆ ಕಾಣುತ್ತದೆ. ಅನುವಾದಕರು, ಸಂಕಲನಕಾರರು, ಅಡುಗೆಮನೆಯಲ್ಲಿರುವವರು, ಯಾವುದೇ ಕಛೇರಿಯ ಹಿಂದಿನ ಸಾಲಿನವರು ಇದನ್ನು ಬಲ್ಲರು. ಕಾರ್ಖಾನೆಯ ಕೈಗಳನ್ನು ಹಾಡಿ ಹೊಗಳಿದ ಸಂಗೀತ, ತನ್ನದೇ ಕಾರ್ಖಾನೆಯ ಒಂದು ಜೊತೆ ಕೈಗಳನ್ನು ಲೆಕ್ಕಕ್ಕೆ ಹಿಡಿಯದೆ ಹೋಯಿತು.

ಜೆಫ್ ನಿಕೊಲ್ಸ್ ತೀರಿಕೊಂಡದ್ದು 2017ರ ಜನವರಿ 28ರಂದು. ಸರಿಯಾಗಿ ಒಂದು ವಾರದ ನಂತರ, ಫೆಬ್ರವರಿ 4ರಂದು, ಬ್ಲ್ಯಾಕ್ ಸಬ್ಬತ್ ತನ್ನ ವಿದಾಯದ ಪ್ರವಾಸದ ಕೊನೆಯ ಕಛೇರಿಯನ್ನು ಬರ್ಮಿಂಗ್‌ಹ್ಯಾಮಿನಲ್ಲಿ ನೀಡಿತು. ಊರಿನ ಮಕ್ಕಳು ಊರಿಗೆ ಮರಳಿದ ರಾತ್ರಿ, ಸಭಾಂಗಣ ಕಿಕ್ಕಿರಿದಿತ್ತು. ಮುಂದೆ ಆಜಿ, ಐಯೋಮಿ, ಬಟ್ಲರ್, ಅವರ ಹಿಂದೆ ಡ್ರಮ್ಮರ್. ಪ್ರೇಕ್ಷಕರ ಕಣ್ಣಿಗೆ ಬೀಳದ ಕಡೆ ಒಂದು ಕೀಬೋರ್ಡಿತ್ತು, ಅದರ ಮುಂದೆ ಆಡಮ್ ವೇಕ್‌ಮನ್ ಇದ್ದ.